ಗಾಡಿ ನಿಂತಲ್ಲೇ ಅಂಗಡಿ

ಹೊಸಕೋಟೆ ತಾಲ್ಲೂಕಿನ ಬೋರ್‌ವೆಲ್‌ಗಳು ಎಷ್ಟು ಆಳವೆಂದರೆ, ಸಮೇತನಹಳ್ಳಿಯ ಪಿಳ್ಳಪ್ಪ ಒಮ್ಮೆ ಕೆಟ್ಟ ಮೋಟಾರೊಂದನ್ನು ಮೇಲೆತ್ತಿದಾಗ ಪಾತಾಳಲೋಕದವರು ಒಣಗಲು ಹಾಕಿದ್ದ ಪಂಚೆಯೊಂದು ಪೈಪಿಗೆ ಸಿಕ್ಕಿಕೊಂಡು ಬಂದಿತ್ತಂತೆ. ಪಂಚೆಯ ಮಾತು ನಂಬದವರು ಬಿಡಲಿ. ಆ ಸೀಮೆಯಲ್ಲಿ ಯಾರ ತೋಟದ ಮೋಟಾರು ಸುಟ್ಟರೂ ಮೊದಲ ಫೋನು ಹೋಗುತ್ತಿದ್ದುದು ಪಿಳ್ಳಪ್ಪನಿಗೇ ಎಂಬುದನ್ನು ಮಾತ್ರ ನಂಬದೆ ವಿಧಿಯಿಲ್ಲ.

ಪಿಳ್ಳಪ್ಪನದು ಬೋರ್‌ವೆಲ್ ಮೋಟಾರು ಎತ್ತಿ ಇಳಿಸುವ ಕಸುಬು. ಹಳೆಯ ಲಾರಿಯೊಂದರ ಬೆನ್ನ ಮೇಲೆ ಕಬ್ಬಿಣದ ಕಂಬ, ರಾಟೆ, ಚೈನು ಕೂರಿಸಿದ ಗಾಡಿಯೇ ಅವನ ಆಸ್ತಿ. ಆ ಗಾಡಿ ಸ್ಟಾರ್ಟ್ ಆದರೆ ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನಗಳು ಗುಡುಗೆಂದು ತಿಳಿದು ಇನ್ನೊಂದು ಸುತ್ತು ಹಾಕುತ್ತವೆ ಎಂದು ಊರವರು ಹೇಳುತ್ತಾರೆ. ಗಾಡಿಗೆ ಪಿಳ್ಳಪ್ಪ, ಕ್ಲ್ಯಾಂಪಿಗೆ ಅವನ ಜೊತೆಗಾರ ಆಂಜಿನಪ್ಪ. ಸಾವಿರ ಅಡಿ ಪೈಪು ಕೊಳವೆಯೊಳಗೆ ತೂಗುತ್ತಿರುವಾಗ, ಮೇಲಿನದೊಂದನ್ನು ಬಿಚ್ಚಿ ತೆಗೆಯುವಷ್ಟು ಹೊತ್ತು ಉಳಿದದ್ದನ್ನೆಲ್ಲ ಕಚ್ಚಿ ಹಿಡಿಯುವುದು ಆ ಕ್ಲ್ಯಾಂಪು. ಅದನ್ನು ಬಿಗಿಯುವ ಕೈ ಒಂದು ಗಳಿಗೆ ಸೋತರೆ ಪೈಪು, ಕೇಬಲ್ಲು, ಮೋಟಾರು ಎಲ್ಲವೂ ಪಾತಾಳಕ್ಕೆ ಜಮೆ. ಪಿಳ್ಳಪ್ಪ ಈ ಲೋಕದಲ್ಲಿ ಹೆದರುತ್ತಿದ್ದುದು ಹೆಂಡತಿ ಲಕ್ಷ್ಮೀದೇವಮ್ಮನಿಗೆ, ನಂಬಿದ್ದು ಆಂಜಿನಪ್ಪನ ಕೈಯನ್ನು.

ಕೂಲಿ ತೆಗೆದುಕೊಳ್ಳುವುದಕ್ಕೂ ಅವನದೊಂದು ಪದ್ಧತಿಯಿತ್ತು. ಮೋಟಾರು ಇಳಿಸಿ ಸ್ಟಾರ್ಟರ್ ಒತ್ತಿದ ಮೇಲೆ ಮೊದಲು ಕೆಸರು, ಆಮೇಲೆ ಕೆಂಪುನೀರು, ಕೊನೆಗೆ ತಿಳಿನೀರು ಬೀಳುವ ತನಕ ಯಾರೂ ದುಡ್ಡಿನ ಮಾತೆತ್ತುವಂತಿಲ್ಲ. ಆಮೇಲೆ ಮನೆಯವರು ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ವೀಳ್ಯದೆಲೆಯ ಮೇಲೆ ದುಡ್ಡಿಟ್ಟು ಕೊಡಬೇಕು. ಪಿಳ್ಳಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ನೋಡದೆ ಜೇಬಿಗಿಳಿಸುತ್ತಿದ್ದ. ಎಲ್ಲರ ಕೈಗೂ ಫೋನು ಬಂದ ಮೇಲೆ ಎಲೆ ಉಳಿಯಿತು, ದುಡ್ಡು ಹಾರಿಹೋಯಿತು. "ಅಣ್ಣ, ಫೋನಿಗೆ ಹಾಕ್ಬಿಡ್ತೀನಿ" ಎನ್ನುವರು. ಹಾಕಲಿ ಎಂದು ಪಿಳ್ಳಪ್ಪ ತನ್ನ ನಂಬರು ಕೊಟ್ಟು, ಬರೀ ಎಲೆಯನ್ನು ಮೆಲ್ಲುತ್ತ ಮನೆಗೆ ಹೋಗುತ್ತಿದ್ದ. ಹೀಗೇ ಸುಖವಾಗಿ ಇದ್ದುಬಿಡಬಹುದಿತ್ತು.

ಕಷ್ಟವಿದ್ದದ್ದು ಮಳೆಗಾಲದಲ್ಲಿ. ಮಳೆ ಹಿಡಿದರೆ ತೋಟಕ್ಕೆ ನೀರು ಬೇಡ. ಓಡದ ಮೋಟಾರು ಸುಡುವುದಿಲ್ಲ, ಸುಡದ ಮೋಟಾರನ್ನು ಎತ್ತಿಸುವ ಹುಚ್ಚು ಯಾರಿಗೂ ಇರುವುದಿಲ್ಲ. ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಹೈವೇ ಪಕ್ಕದ ಗೋಡೌನಿನವರು ಆಂಜಿನಪ್ಪನನ್ನು ತಿಂಗಳ ಸಂಬಳಕ್ಕೆ ಕರೆದರು.

"ಒಂದ್ನೇ ತಾರೀಕು ಬಂದ್ಬಿಡು ಅಂದವ್ರೆ ಕಣ್ಲಾ ಪಿಳ್ಳ," ಎಂದು ಆಂಜಿನಪ್ಪ ಗಾಡಿಯ ಚಕ್ರಕ್ಕೆ ಒರಗಿ ಹೇಳಿದ. "ನಿನ್ ತಾವ ವರ್ಷಪೂರ್ತಿ ಕೆಲ್ಸ ಇದ್ರೆ ಹೇಳು, ನಾನ್ಯಾಕೆ ಹೋಗ್ಲಿ? ಇಲ್ಲಾಂದ್ರೆ ನನ್ ಮನೇಲೂ ಒಲೆ ಉರೀಬೇಕಲ್ಲ."

"ಹೋದ್ರೆ ಹೋಗು. ಗಾಡೀನ ಗುಜರಿಗೆ ಹಾಕಿ ನಾನೂ ಅಲ್ಲೇ ಮೂಟೆ ಹೊರ್ತೀನಿ," ಎಂದ ಪಿಳ್ಳಪ್ಪ. ಸಿಟ್ಟಿಗೆ ಹೇಳಿದ್ದಾದರೂ ಅದರಲ್ಲಿ ಸುಳ್ಳಿರಲಿಲ್ಲ. ಆಂಜಿನಪ್ಪನಿಲ್ಲದೆ ಆ ಕ್ಲ್ಯಾಂಪನ್ನು ಬೇರೆ ಯಾರ ಕೈಗೂ ಕೊಡುವ ಧೈರ್ಯ ಅವನಿಗಿರಲಿಲ್ಲ.

ಆಗ ದೇವರೇ ಕಳಿಸಿದಂತೆ ಊರಾಚೆಯ ಲೇಔಟಿನ ಕರೆ ಬಂತು. ಆ ಲೇಔಟಿನ ಕಾಂಪೌಂಡ್ ಎಷ್ಟು ಎತ್ತರವೆಂದರೆ ಒಳಗಿನವರಿಗೆ ಸೂರ್ಯೋದಯ ಅರ್ಧ ಗಂಟೆ ತಡ. ಒಳಗೆ ವಿಲ್ಲಾಗಳು, ವಿಲ್ಲಾಗಳಿಗೆ ಹುಲ್ಲುಹಾಸು, ಹುಲ್ಲುಹಾಸಿಗೆ ಮಳೆ ಬರುತ್ತಿದ್ದಾಗಲೂ ನೀರು. ಬೋರ್‌ವೆಲ್‌ಗಳಂತೂ ಜರಡಿಯ ತೂತುಗಳ ಹಾಗೆ. ವರ್ಷಪೂರ್ತಿ ಅವನ್ನು ನೋಡಿಕೊಳ್ಳುವ ಗುತ್ತಿಗೆಯನ್ನು ಪಿಳ್ಳಪ್ಪನಿಗೇ ಕೊಡುವುದಾಗಿ ಅಲ್ಲಿನ ಸಂಘದ ಕಾರ್ಯದರ್ಶಿ ಸಂಘಮಿತ್ರ ಮೇಡಂ ಹೇಳಿದರು. ಹೇಳಿ, ಒಂದು ಕೊಕ್ಕೆ ಇಟ್ಟರು.

"ಪಿಳ್ಳಪ್ಪನವರೇ, ನಿಮ್ಮ ಕೆಲಸದ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದ್ರೆ ನಿಮ್ಮ ಸ್ವಂತ ನಂಬರಿಗೆ ದುಡ್ಡು ಹಾಕೋದಕ್ಕೆ ನಮ್ಮ ಆಡಿಟರ್ ಒಪ್ಪಲ್ಲ. ಸ್ಕ್ಯಾನ್ ಮಾಡಿದ್ರೆ ವ್ಯಾಪಾರದ ಹೆಸರು ಬರ್ಬೇಕು. ತಿಂಗಳ ಕೊನೆಯೊಳಗೆ ಯಾವುದಾದರೂ ಪೇಮೆಂಟ್ ಕಂಪನಿಯಲ್ಲಿ ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಬೆಂಗಳೂರಿನವರು ಒಬ್ಬರು ಕಾಯ್ತಾ ಇದ್ದಾರೆ."

"ಅದೇನ್ ಮಹಾ ಮೇಡಮ್ಮೋರೇ, ನಾಳೇನೇ ಮಾಡಿಸ್ತೀನಿ," ಎಂದ ಪಿಳ್ಳಪ್ಪ. ಸಾವಿರ ಅಡಿಯಿಂದ ಮೋಟಾರು ಎತ್ತುವವನಿಗೆ ಒಂದು ಹೆಸರನ್ನು ಫೋನಿನೊಳಕ್ಕೆ ಇಳಿಸುವುದು ಎಷ್ಟರ ಮಾತು!

ಹೆಸರಂತೂ ಮೊದಲೇ ಸಿದ್ಧವಿತ್ತು, ಶ್ರೀ ಮುನೇಶ್ವರ ಬೋರ್‌ವೆಲ್ ವರ್ಕ್ಸ್. ಇನ್ನು ಕಂಪನಿಯೊಂದನ್ನು ಆರಿಸಬೇಕು. ಪಿಳ್ಳಪ್ಪ ವಿಚಾರಿಸುತ್ತಿದ್ದಾನೆ ಎಂಬ ಸುದ್ದಿ ಹೇಗೆ ಹರಡಿತೋ, ಮಾರನೆಯ ಬೆಳಿಗ್ಗೆ ಅವನ ಮನೆಯ ಮುಂದೆ ಹೆಣ್ಣು ನೋಡಲು ಬಂದವರ ಹಾಗೆ ಕಂಪನಿಗಳವರು ಬರತೊಡಗಿದರು.

ಮೊದಲು ಬಂದವನು ಸ್ವೈಪಿಂಗ್ ಮಷೀನಿನವನು. ತಿಂಗಳಿಗೆ ಬಾಡಿಗೆ, ಪ್ರತಿ ಸಲ ಕಾರ್ಡು ಉಜ್ಜಿದಾಗ ಕಮಿಷನ್. ಹೋಗಲಿ ಎಂದು ಪಿಳ್ಳಪ್ಪ ಪರೀಕ್ಷೆಗೆ ಮಷೀನನ್ನು ತೋಟಕ್ಕೆ ಒಯ್ದ. ಅಲ್ಲಿ ಸಿಗ್ನಲ್ ಇಲ್ಲ. ಮಷೀನು ತಿರುತಿರುಗಿ ಹುಡುಕಿ ಸುಸ್ತಾಗಿ ನಿಂತಿತು. ಪಿಳ್ಳಪ್ಪ ಅದನ್ನು ಚೈನಿಗೆ ಕಟ್ಟಿ ಗಾಡಿಯ ಕಂಬದ ತುದಿಗೆ ಏರಿಸಿದ. ಅಲ್ಲಿ ಸಿಗ್ನಲ್ ಪೊಗದಸ್ತಾಗಿ ಸಿಕ್ಕಿತು. ಆದರೆ ಗುಟ್ಟಿನ ನಂಬರ್ ಒತ್ತಬೇಕಾದ ಗಿರಾಕಿ ಕೆಳಗಿದ್ದ.

"ಇವ್ರನ್ನೂ ಚೈನಿಗೆ ಕಟ್ಟಿ ಎತ್ತಾಣ ಏನ್ಲಾ?" ಎಂದು ಆಂಜಿನಪ್ಪ ಕೇಳಿದ. ಗಿರಾಕಿ ಅಷ್ಟರಲ್ಲಿ ಬದು ದಾಟಿದ್ದ.

ಎರಡನೆಯವನು ತಂದದ್ದು ಕೂಗುವ ಡಬ್ಬ. ದುಡ್ಡು ಬಿದ್ದ ತಕ್ಷಣ ಎಷ್ಟು ಬಿತ್ತೆಂದು ಗಟ್ಟಿಯಾಗಿ ಸಾರುವ ಸ್ಪೀಕರು. ಪಿಳ್ಳಪ್ಪನಿಗೆ ಮೊದಲು ಅದು ಬಹಳ ಹಿಡಿಸಿತು. ಒಂದು ವಾರ ಇಟ್ಟು ನೋಡಿ ಎಂದು ಕೊಟ್ಟುಹೋದ. ವಾರವೇಕೆ, ಮೊದಲ ಕೆಲಸಕ್ಕೇ ಕತೆ ಮುಗಿಯಿತು. ಮುನಿತಾಯಮ್ಮನೆಂಬ ಒಂಟಿ ಮುದುಕಿಯ ತೋಟದಲ್ಲಿ ಮೋಟಾರು ಇಳಿಸಿ, ಆಕೆಯ ಮೊಮ್ಮಗಳು ದುಡ್ಡು ಹಾಕಿದ್ದೇ ತಡ, ಡಬ್ಬ ಮೂರು ಊರಿಗೆ ಕೇಳುವಂತೆ ಮೊತ್ತವನ್ನು ಕೂಗಿತು. ಪಕ್ಕದ ಕೋಸಿನ ತೋಟದಲ್ಲಿದ್ದ ಅಂಬರೀಶ ನೆಟ್ಟಗಾದ.

"ಅಣ್ಣೋ! ಇವಮ್ಮಂಗೆ ಅಷ್ಟೇನಾ? ಹೋದ್ಸಲ ನನ್ ಹತ್ರ ಅದ್ರ ಡಬಲ್ ಇಸ್ಕೊಂಡ್ಯಲ್ಲ!"

ಪಿಳ್ಳಪ್ಪನ ಕಸುಬಿನಲ್ಲಿ ಒಂಟಿ ಹೆಂಗಸರಿಗೊಂದು ರೇಟು, ಬೀಗರಿಗೊಂದು, ಊರವರಿಗೊಂದು, ಕಾರಿನಿಂದ ಇಳಿಯದೆ ಮಾತಾಡುವವರಿಗೊಂದು. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಯಾರ ಕಿವಿಗೂ ಬೀಳಬಾರದ್ದು. "ಈ ಡಬ್ಬ ಇನ್ನೆರಡು ಸಲ ಬಾಯಿ ಬಿಟ್ರೆ ನಾನು ಊರು ಬಿಡ್ಬೇಕು," ಎಂದು ಅದನ್ನು ಗೋಣಿಚೀಲದಲ್ಲಿ ಸುತ್ತಿ ವಾಪಸು ಕಳಿಸಿದ. ಮಳೆಗಾಲದಲ್ಲಿ ಕೆಲಸವಿಲ್ಲದೆ ಡಬ್ಬ ಬಾಯಿ ಮುಚ್ಚಿಕೊಂಡಿದ್ದರೂ ಬಾಡಿಗೆ ಕೊಡಬೇಕಂತೆ. ಸುಮ್ಮನಿರುವುದಕ್ಕೆ ಸಂಬಳ ಕೊಡುವುದಾದರೆ ಆಂಜಿನಪ್ಪನಿಗೇ ಕೊಡುತ್ತಿರಲಿಲ್ಲವೇ!

ಮೂರನೆಯವನು ಅಮರ್. ಬೈಕಿನಲ್ಲಿ ಬಂದ, ಬೆನ್ನಿಗೊಂದು ಚೀಲ. ಮಷೀನಿಲ್ಲ, ಡಬ್ಬವಿಲ್ಲ, ಬಾಡಿಗೆಯಿಲ್ಲ. ಒಂದು ಸ್ಕ್ಯಾನರ್ ಸ್ಟಿಕ್ಕರ್ ಅಂಟಿಸಿಬಿಟ್ಟರೆ ಆಯಿತು.

"ದುಡ್ಡು ಮಾತ್ರ ಮಾರನೇ ದಿನ ನಿಮ್ಮ ಅಕೌಂಟಿಗೆ ಬೀಳುತ್ತೆ ಅಂಕಲ್."

"ಇವತ್ ಗಿರಾಕಿ ಜೇಬಿಂದ ಹೊಂಟಿದ್ದು ನಾಳೆ ನನ್ ಜೇಬಿಗೆ ಬರೋದಾದ್ರೆ, ರಾತ್ರಿ ಎಲ್ಲಪ್ಪಾ ಮಲಗಿರ್ತೈತೆ ಅದು?"

"ಕಂಪನೀಲಿ ಅಂಕಲ್."

"ಬಾಡಿಗೆ ಇಲ್ದೆ ಯಾಕೆ ಮಾಡ್ಕೊಡ್ತೀರಿ ಅಂತ ಈಗ ಗೊತ್ತಾಯ್ತು ಬಿಡು," ಎಂದ ಪಿಳ್ಳಪ್ಪ. ಆದರೂ ಅವನನ್ನೇ ಆರಿಸಿದ. ಕೇಳಿದ್ದಕ್ಕೆ ಉತ್ತರ ಕೊಟ್ಟವನು ಅವನೊಬ್ಬನೇ. ಅಲ್ಲದೆ ಲಕ್ಷ್ಮೀದೇವಮ್ಮ ಬಡಿಸಿದ ಮುದ್ದೆಯನ್ನು ಬೇಡ ಎನ್ನದೆ ಉಂಡಿದ್ದ.

ಊಟ ಮುಗಿಸಿ ಕೈ ಒರೆಸಿಕೊಂಡ ಅಮರ್ ಫೋನು ತೆಗೆದು ಕೇಳಿದ: "ಒಂದು ಫೋಟೋ ಬೇಕು ಅಂಕಲ್. ಅಂಗಡಿ ಎಲ್ಲಿ?"

"ಯಾವ ಅಂಗಡಿ?"

"ನಿಮ್ಮ ಅಂಗಡಿ. ಶಟರ್ ಕಾಣ್ಬೇಕು, ಬೋರ್ಡ್ ಕಾಣ್ಬೇಕು, ಮುಂದೆ ನೀವು ನಿಂತಿರ್ಬೇಕು. ಆಪು ಅದನ್ನ ನೋಡಿ ಓಕೆ ಮಾಡುತ್ತೆ."

"ನಂಗೆಲ್ಲಪ್ಪಾ ಅಂಗಡಿ? ಬೋರ್ ಎಲ್ಲೈತೋ ನಾನಲ್ಲಿರ್ತೀನಿ. ಜನ ಬೋರ್‌ವೆಲ್ ಹೊತ್ಕೊಂಡು ನನ್ ಅಂಗ್ಡಿಗೆ ಬರ್ತಾರಾ?"

ಅಮರ್‌ಗೂ ಅದು ಸರಿಯೆನಿಸಿತು. ಆಪಿಗೆ ಅನಿಸಲಿಲ್ಲ. ಗಾಡಿಯ ಮುಂದೆ ನಿಂತು ತೆಗೆಸಿದ ಫೋಟೋವನ್ನು ಕಳಿಸಿದರೆ 'ಅಂಗಡಿ ಕಾಣಿಸುತ್ತಿಲ್ಲ' ಎಂದಿತು. ಮಾರನೆಯ ದಿನ ಇನ್ನೊಂದು ತೋಟದಲ್ಲಿ ತೆಗೆಸಿದರೆ 'ನಿನ್ನೆಯ ಜಾಗಕ್ಕೂ ಇವತ್ತಿನ ಜಾಗಕ್ಕೂ ತಾಳೆಯಾಗುತ್ತಿಲ್ಲ' ಎಂದಿತು. ಮನೆಯ ಮುಂದೆ ತೆಗೆಸಿದರೆ 'ಇದು ವಾಸದ ಮನೆ' ಎಂದಿತು. ದನದ ಕೊಟ್ಟಿಗೆಯ ಮುಂದೆ ನಿಂತಾಗ ಎಮ್ಮೆ ತಲೆ ಹೊರಗೆ ಹಾಕಿತು. ಆಪು ಯೋಚನೆಗೆ ಬಿದ್ದು ತುಂಬಾ ಹೊತ್ತು ಸುತ್ತಿತು. ಮಾಲೀಕ ಇಬ್ಬರಲ್ಲಿ ಯಾರು ಎಂದು ಅದಕ್ಕೆ ಗೊತ್ತಾಗಲಿಲ್ಲವೆಂದು ಆಂಜಿನಪ್ಪ ಊರೆಲ್ಲ ಹೇಳಿಕೊಂಡು ಬಂದ.

ಪಿಳ್ಳಪ್ಪನ ತಲೆಯಿಂದ ಹೊಗೆ ಏಳುವುದೊಂದು ಬಾಕಿ. ಅವನು ಒಳಗೆ ಹೊರಗೆ ತಿರುಗಿದ ರಭಸಕ್ಕೆ ಅಂಗಳದಲ್ಲಿ ಕಾಲುವೆ ಬಿದ್ದಿತ್ತು. "ಮನುಷ್ಯ ಅವ್ನೆ, ಗಾಡಿ ಐತೆ, ಕೆಲ್ಸ ಐತೆ. ಇದಕ್ಕೆ ಶಟರ್ ಬೇಕಂತೆ! ಶಟರ್ ಮೋಟಾರ್ ಎತ್ತುತ್ತಾ?"

ಉಪಾಯ ಹೇಳಿದ್ದು ಲಕ್ಷ್ಮೀದೇವಮ್ಮ. "ನಮ್ ಸಿಂಧು ಅಂಗ್ಡಿಗೆ ಶಟರ್ ಐತಲ್ಲ. ಒಂದ್ ಗಳಿಗೆ ಇಸ್ಕೊಂಡ್ರೆ ಅವಳ ಗಂಟೇನು ಹೋಗ್ತೈತೆ?"

ಸಿಂಧು ಪಿಳ್ಳಪ್ಪನ ತಮ್ಮನ ಮಗಳು. ಬಸ್ ಸ್ಟ್ಯಾಂಡಿನ ಹತ್ತಿರ ಹೆಂಗಸರ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಮದುವೆಗೆ ಒಡವೆ, ಸುಗ್ಗಿಗೆ ಕಣ, ಫೋಟೋಗೆ ಶಟರ್. ಬಂಧುಗಳಲ್ಲಿ ಕಡ ಕೇಳುವುದರಲ್ಲಿ ನಾಚಿಕೆಯೇನು? ಸಿಂಧು ನಗುತ್ತ ಒಪ್ಪಿದಳು. "ಬೇಗ ಮುಗಿಸ್ಕೊಳಿ ದೊಡ್ಡಪ್ಪ, ಒಳಗೆ ಒಬ್ರಿಗೆ ಮುಖಕ್ಕೆ ಪ್ಯಾಕ್ ಹಾಕಿ ಕೂರ್ಸಿದೀನಿ."

ಪಾರ್ಲರಿನ ಬೋರ್ಡಿನ ಮೇಲೆ ಶ್ರೀ ಮುನೇಶ್ವರ ಬೋರ್‌ವೆಲ್ ವರ್ಕ್ಸ್ ಎಂದು ಬರೆಸಿದ ಬಟ್ಟೆಯ ಬ್ಯಾನರ್ ಕಟ್ಟಿದರು. ಶಟರ್ ಅರ್ಧ ಎಳೆದರು. ಪಿಳ್ಳಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ನಿಂತ. ಅಮರ್ ಫೋನು ಎತ್ತಿದ.

"ತಡಿಯಪ್ಪಾ, ತಡಿ!" ಎಂದು ಲಕ್ಷ್ಮೀದೇವಮ್ಮ ಬುಟ್ಟಿಯೊಂದಿಗೆ ಬಂದಳು. "ಹೊಸ ಬೋರ್ಡಿಗೆ ಹೂವು ಹಾಕ್ದೆ ಯಾರಾದ್ರೂ ಫೋಟೋ ತೆಗೀತಾರಾ? ಮುನೇಶ್ವರನ ಹೆಸ್ರು ಬೇರೆ."

ಆ ಹಾರದ ಗಾತ್ರ ವಿವರಿಸುವುದು ಕಷ್ಟ. ಆ ಬೆಳಿಗ್ಗೆ ಹೊಸಕೋಟೆಯ ಹೂವಿನ ಮಾರ್ಕೆಟ್ಟಿನಲ್ಲಿ ಸೇವಂತಿಗೆಯ ಬೆಲೆ ಏರಿದ್ದು ಅದರಿಂದಲೇ ಎಂದು ಬಲ್ಲವರ ಅಭಿಪ್ರಾಯ. ಹಾರದ ಮೇಲೆ ಮಾವಿನ ತೋರಣ, ತೋರಣದ ನಡುವೆ ನಿಂಬೆಹಣ್ಣು ಮೆಣಸಿನಕಾಯಿ, ದೃಷ್ಟಿಗೊಂದು ಬೂದುಗುಂಬಳ. ಬ್ಯಾನರು ಎಲ್ಲಿತ್ತೆಂದು ಮುನೇಶ್ವರನಿಗೇ ಗೊತ್ತು. ಅಮರ್ ಒತ್ತಿದ. ಕಳಿಸಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಫೋನಿನಲ್ಲಿ ಹಸಿರು ಗುರುತು ಬಂತು.

"ಓಕೆ ಆಗೋಯ್ತು ಅಂಕಲ್!" ಎಂದು ಅಮರ್ ಕುಣಿದುಬಿಟ್ಟ. ಲಕ್ಷ್ಮೀದೇವಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು, ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡು ಒಳಗೆ ಕುಳಿತವಳಿಗೂ. ಅಮರ್ ಸ್ಟಿಕ್ಕರನ್ನು ಗಾಡಿಯ ಬಾಗಿಲಿಗೆ ಅಂಟಿಸಿ ಹೊರಟುಹೋದ. ಸ್ಟಿಕ್ಕರಿನ ಮೇಲೆ ಕಂಪನಿಯ ಹೆಸರು, ಕಪ್ಪು ಚೌಕ ಬಿಟ್ಟರೆ ಬೇರೇನೂ ಇರಲಿಲ್ಲ. ವ್ಯಾಪಾರದ ಹೆಸರು ಕಾಣುವುದು ಸ್ಕ್ಯಾನ್ ಮಾಡಿದವರ ಫೋನಿನಲ್ಲಿ ಮಾತ್ರ.

ಮಾರನೆಯ ದಿನ ಅಂಬರೀಶನ ಕೋಸಿನ ತೋಟದಲ್ಲಿ ಕೆಲಸ. ತಿಳಿನೀರು ಬಿತ್ತು, ಕರ್ಪೂರ ಬೆಳಗಿದ್ದಾಯಿತು. ಅಂಬರೀಶ ಗಡಿಬಿಡಿಯಲ್ಲಿ ಸ್ಕ್ಯಾನ್ ಮಾಡಿ, ಹೆಸರನ್ನೂ ನೋಡದೆ ದುಡ್ಡು ಹಾಕಿ, ಎಲೆ ಕೊಟ್ಟ. ಮರುದಿನ ಬೆಳ್ಳಂಬೆಳಿಗ್ಗೆ ಅವನ ಹೆಂಡತಿ ಶಿಲ್ಪ ಗಂಡನ ಫೋನನ್ನು ಬಾವುಟದ ಹಾಗೆ ಎತ್ತಿ ಹಿಡಿದು ಪಿಳ್ಳಪ್ಪನ ಅಂಗಳಕ್ಕೆ ಬಂದಳು. ಹಿಂದೆ ಅಂಬರೀಶ, ಕಳ್ಳ ಸಿಕ್ಕಿಬಿದ್ದ ಮುಖದಲ್ಲಿ.

"ಪಿಳ್ಳಪ್ಪಣ್ಣ, ನಮ್ಮನೆಯವ್ರು ನಿಮಗೆ ದುಡ್ಡು ಕೊಟ್ರಾ?"

"ಕೊಟ್ಟ ಕಣಮ್ಮ, ಮೊನ್ನೆ... ಅಲ್ಲ, ನೆನ್ನೆ," ಎಂದ ಪಿಳ್ಳಪ್ಪ.

"ನಿಮ್ಮ ಫೋನಲ್ಲಿ ತೋರ್ಸಿ, ಎಲ್ಲಿ ಬಂದೈತೆ?"

ಪಿಳ್ಳಪ್ಪ ಫೋನು ತೆಗೆದು ನೋಡಿದ. ಬಂದಿರಲಿಲ್ಲ. ಅದಿನ್ನೂ ಕಂಪನಿಯಲ್ಲಿ ಮಲಗಿತ್ತು. "ಇವತ್ ಬರ್ತೈತಂತೆ ಕಣಮ್ಮ."

"ಇವ್ರೂ ಅದೇ ಹೇಳ್ತಾರೆ! ಇಬ್ರೂ ಮಾತಾಡ್ಕೊಂಡಿದೀರಾ? ಇಲ್ಲಿ ನೋಡಿ, ಏನ್ ಬರ್ದೈತೆ? ಸಿಂಧು ಲೇಡೀಸ್ ಬ್ಯೂಟಿ ಪಾರ್ಲರ್! ಕೋಸಿನ ತೋಟಕ್ಕೆ ಹೋಗಿದ್ದ ಮನುಷ್ಯ, ಕಾಲಲ್ಲಿ ಇನ್ನೂ ಕೆಸರು ಹಂಗೇ ಐತೆ, ಪಾರ್ಲರ್‌ಗೆ ಸಾವಿರಗಟ್ಲೆ ಯಾಕೆ ಕೊಟ್ರು? ಯಾರಿಗೋಸ್ಕರ ಕೊಟ್ರು?"

"ನನ್ ಮುಖ ನೋಡೇ," ಎಂದು ಅಂಬರೀಶ ಅಳುಮೋರೆಯಲ್ಲಿ ಹೇಳಿದ. "ಪಾರ್ಲರ್‌ಗೆ ಹೋಗಿ ಬಂದಿರೋ ಮುಖಾನಾ ಇದು?"

ಶಿಲ್ಪ ನೋಡಿದಳು. ಅದು ಬಲವಾದ ಸಾಕ್ಷಿಯೇ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

ಅಮರ್ ತೆಗೆದ ಫೋಟೋ ಪಿಳ್ಳಪ್ಪನ ಫೋನಿನಲ್ಲೂ ಇತ್ತು. ಎಲ್ಲರೂ ತಲೆ ಸೇರಿಸಿ ನೋಡಿದರು. ಲಕ್ಷ್ಮೀದೇವಮ್ಮನ ಹಾರದ ಹಿಂದೆ ಮುನೇಶ್ವರ ಪೂರ್ತಿ ಮರೆಯಾಗಿದ್ದ. ಕೆಳಗೆ, ಅರ್ಧ ಎಳೆದ ಶಟರಿನಡಿ, ಗಾಜಿನ ಬಾಗಿಲಿನ ಮೇಲೆ ಪಾರ್ಲರಿನ ಹೆಸರು ಫಳಫಳ ಹೊಳೆಯುತ್ತಿತ್ತು. ಆಪು ಕಂಡದ್ದನ್ನು ಓದಿ, ಓದಿದ್ದನ್ನು ಬರೆದುಕೊಂಡಿತ್ತು. ಖುಷಿಯಲ್ಲಿ ಯಾರೂ ಹೆಸರು ನೋಡಿರಲಿಲ್ಲ.

"ಹೂವು ಮಾತ್ರ ಚೆನ್ನಾಗಿ ಬಂದೈತೆ," ಎಂದಳು ಲಕ್ಷ್ಮೀದೇವಮ್ಮ, ಕೊಂಚವೂ ಅಳುಕದೆ.

ಅಷ್ಟರಲ್ಲಿ ಹಳೆಯ ಬಾಕಿಯಿದ್ದ ಇನ್ನೂ ಕೆಲವರು ಅದೇ ಸ್ಟಿಕ್ಕರಿಗೆ ದುಡ್ಡು ಹಾಕಿಯಾಗಿತ್ತು. ಆ ವಾರ ಸುತ್ತಮುತ್ತಲ ಏಳೂರ ಗಂಡಸರಿಗೆ ಮನೆಯಲ್ಲಿ ಉಪ್ಪಿಲ್ಲದ ಸಾರು. ಬೋರು ಬತ್ತಿದರೂ ಸರಿ ಪಿಳ್ಳಪ್ಪನನ್ನು ಕರೆಯುವುದು ಬೇಡವೆಂದು ಕೆಲವರು ಆಣೆ ಹಾಕಿದರು. ಸಿಂಧು ಬಂದು ಜಗಲಿಯ ಮೇಲೆ ಕುಳಿತು ಗೋಳಾಡಿದಳು: "ದೊಡ್ಡಪ್ಪ, ಬಂದೋರೆಲ್ಲ ಅಂಬರೀಶಣ್ಣಂಗೆ ಯಾವ ಫೇಶಿಯಲ್ ಮಾಡ್ದೆ ಅಂತ ಕೇಳ್ತಾವ್ರೆ. ಆ ಫೇಶಿಯಲ್ ನಮಗೆ ಬೇಡ ಅಂತಾವ್ರೆ!"

ಪಿಳ್ಳಪ್ಪ ಅಮರ್‌ಗೆ ಫೋನು ಹಚ್ಚಿದ.

"ಅಯ್ಯೋ ಅಂಕಲ್, ನಾನು ಆ ಕಂಪನಿ ಬಿಟ್ಬಿಟ್ಟೆ. ಈಗ ನೀರಿನ ಫಿಲ್ಟರ್ ಮಾರ್ತಿದೀನಿ. ನಿಮ್ಮ ಮನೆಗೊಂದು ಹಾಕ್ಲಾ?"

ಪಿಳ್ಳಪ್ಪ ಆಗ ಆಡಿದ ಮಾತುಗಳನ್ನು ಅಚ್ಚು ಹಾಕಿದರೆ ಕಾಗದ ಉರಿದುಹೋಗುತ್ತದೆ. ಆಮೇಲೆ ಕಂಪನಿಯ ಸಹಾಯವಾಣಿಗೆ ಹಚ್ಚಿದ. ಅದರಲ್ಲೊಂದು ಹೆಣ್ಣುದನಿ, ಬಹಳ ಮರ್ಯಾದಸ್ತ ದನಿ, ಕನ್ನಡಕ್ಕೆ ಇಷ್ಟು ಒತ್ತಿ, ದೂರಿಗೆ ಅಷ್ಟು ಒತ್ತಿ, ಹಿಂದಕ್ಕೆ ಹೋಗಲು ಮತ್ತೊಂದು ಒತ್ತಿ ಎಂದಿತು. ಒತ್ತಿದ. ನಡುನಡುವೆ ಸಂಗೀತ. ಮತ್ತೆ ಅದೇ ದನಿ, ಮತ್ತೆ ಅದೇ ಮರ್ಯಾದೆ. ಆ ಸಂಗೀತ ಕೇಳಿ ಕೇಳಿ ಕೊಟ್ಟಿಗೆಯ ಎಮ್ಮೆ ಹಾಲು ಕರೆಯುವ ಹೊತ್ತಿಗೆ ಅದೇ ರಾಗಕ್ಕೆ ಬಾಲ ಆಡಿಸುವುದನ್ನು ಕಲಿಯಿತು. ಕೊನೆಗೊಬ್ಬ ನಿಜವಾದ ಮನುಷ್ಯ ಸಿಕ್ಕ.

"ಹೆಸರು ಬದಲಾಯಿಸಬಹುದು ಸಾರ್. ಹೊಸ ಬೋರ್ಡಿನ ಜೊತೆ ಅಂಗಡಿಯ ಫೋಟೋ ಕಳಿಸಿ."

"ಅಂಗಡಿ ಇಲ್ಲ ಕಣಪ್ಪಾ! ಅದಕ್ಕೇ ಇದೆಲ್ಲ ಆಗಿರೋದು!"

"ಹಾಗಿದ್ರೆ ಮೊದಲು ಅಂಗಡಿ ಮಾಡ್ಕೊಂಡು ಫೋಟೋ ಕಳಿಸಿ ಸಾರ್. ಬೇರೆ ಏನಾದರೂ ಸಹಾಯ ಬೇಕಿತ್ತಾ?"

ಪಿಳ್ಳಪ್ಪ ಫೋನನ್ನು ಎಸೆಯಲು ಎತ್ತಿದ ಕೈಯನ್ನು ಲಕ್ಷ್ಮೀದೇವಮ್ಮ ಹಿಡಿದುಕೊಂಡಳು. ಪಾರ್ಲರಿನ ಮುಂದೆ ಇನ್ನೊಂದು ಫೋಟೋ ತೆಗೆಸೋಣವೆಂದರೆ ಸಿಂಧು ಎರಡೂ ಕೈ ಮುಗಿದಳು. ಬಾಡಿಗೆಗೆ ಒಂದು ಮಳಿಗೆ ಹಿಡಿಯೋಣವೆಂದರೆ ಹೈವೇ ಬಂದ ಮೇಲೆ ಸಮೇತನಹಳ್ಳಿಯ ಮಳಿಗೆಗಳಿಗೆ ಕೇಳುತ್ತಿದ್ದ ಅಡ್ವಾನ್ಸಿನಲ್ಲಿ ಇನ್ನೊಂದು ಲೇಔಟನ್ನೇ ಕಟ್ಟಬಹುದಿತ್ತು. ತಿಂಗಳು ಮುಗಿಯುತ್ತ ಬಂತು. ಪಿಳ್ಳಪ್ಪ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಆಂಜಿನಪ್ಪನಿಗೆ ಹೇಳಿದ: "ನೀನ್ ಹೋಗ್ಲಾ. ಗೋಡೌನ್‌ನೋರ್ಗೆ ಬರ್ತೀನಿ ಅಂತ ಹೇಳ್ಬಿಡು. ನನ್ ಕೈಲಿ ಆಗಾಕಿಲ್ಲ. ಬೋರ್‌ವೆಲ್‌ಗಾದ್ರೆ ತಳ ಅಂತ ಒಂದೈತೆ, ಇದಕ್ಕೆ ತಳಾನೇ ಇಲ್ಲ."

ಆಂಜಿನಪ್ಪ ಎದ್ದು ಹೋದ. ಹೋದವನು ಸಂಜೆ ಗುಜರಿ ಅಂಗಡಿಯಿಂದ ಒಂದು ತುಕ್ಕು ಹಿಡಿದ ರೋಲಿಂಗ್ ಶಟರನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದ.

"ಏನ್ಲಾ ಇದು?"

"ಅದಕ್ಕೆ ಶಟರ್ ಬೇಕು ತಾನೆ? ತಗಳ್ಳಿ, ಶಟರ್!" ಎಂದು ಆಂಜಿನಪ್ಪ ಹಲ್ಲು ಕಡಿದ. ಆ ತಿಂಗಳಲ್ಲಿ ಅವನು ಸಿಟ್ಟಾದದ್ದು ಅದೇ ಮೊದಲು. "ನಿನ್ನ ಬೈಗುಳ ಕೇಳಿ ಕೇಳಿ ಕಿವಿ ತೂತಾಯ್ತು. ಸ್ಪ್ಯಾನರ್ ಕೊಡು ಇಲ್ಲಿ."

ಗಾಡಿಯ ಹಿಂಬದಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬೋಲ್ಟಿನಲ್ಲಿ ಶಟರ್ ಬಿಗಿದ. ಮೇಲೆ ತಗಡಿನ ಬೋರ್ಡು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು. ಅಕ್ಷರಗಳನ್ನು ಶಿವಗಂಗೆ ಬೆಟ್ಟದ ತುದಿಯಿಂದಲೂ ಓದಬಹುದಿತ್ತು. ಶಟರನ್ನು ಎಳೆದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹಿಂದೆ ಗೋಡೆಯಿಲ್ಲ, ಸಾಮಾನಿಲ್ಲ, ರಾಟೆ ಮತ್ತು ಆಕಾಶ ಮಾತ್ರ. ಮುನೇಶ್ವರನ ಮರದ ಕೆಳಗೆ ಗಾಡಿ ನಿಲ್ಲಿಸಿ, ಫೋಟೋ ಒಪ್ಪುವ ತನಕ ಅಲ್ಲಿಂದ ಒಂದು ಗೇಣೂ ಅಲುಗಿಸುವುದಿಲ್ಲವೆಂದು ಇಬ್ಬರೂ ಶಪಥ ಮಾಡಿದರು. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಲಕ್ಷ್ಮೀದೇವಮ್ಮ ಬುಟ್ಟಿಯೊಂದಿಗೆ ಬಂದಳು.

"ದೂರ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

"ಹೂವಿಲ್ದೇ ಹೆಂಗೆ? ನೀವಿಬ್ರೂ ಹಾಳಾಗೋಗ, ದೇವ್ರಿಗಾದ್ರೂ ಹೆದ್ರಿ!"

ಬಹಳ ವಾದವಾಗಿ, ಕೊನೆಗೆ ಹಾರವನ್ನು ಗಾಡಿಯ ಮುಂಬದಿಯ ಬಾನೆಟ್ಟಿಗೆ ಹಾಕಿಸಿಕೊಂಡು ಹಿಂಬದಿಯ ಫೋಟೋ ತೆಗೆದರು. ಕಳಿಸಿದರು. ಆಪು ಸುತ್ತಿತು. ಕಂಪನಿಯವರು ಪರಿಶೀಲಿಸಿ ತಿಳಿಸುತ್ತಾರೆ ಎಂದು ಹೇಳಿ ಆಪು ಸುಮ್ಮನಾಯಿತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಮೆಸೇಜು ಬಂತು: ಅಂಗಡಿ ಒಪ್ಪಿಗೆಯಾಗಿದೆ, ಹೆಸರು ಬದಲಾಗಿದೆ.

ಇಬ್ಬರೂ ಒಂದೇ ಉಸಿರಿಗೆ ಲೇಔಟಿಗೆ ಹೊರಟರು. ಹಿಂದೆ ಶಟರು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ.

"ಒಳಗೆ ಬಿಡಲ್ಲ."

"ನಾನ್ ಕಣಪ್ಪಾ, ಪಿಳ್ಳಪ್ಪ. ಬೋರ್‌ವೆಲ್‌ನೋನು. ಹೋದ್ಸಲ ಬಿಟ್ಯಲ್ಲ!"

"ಹೋದ್ಸಲ ಗಾಡಿ ತಂದಿದ್ರಿ. ಇವತ್ತು ಅಂಗಡಿ ತಂದಿದೀರಿ. ಗಾಡಿ ಮೇಲೆ ವ್ಯಾಪಾರ ಮಾಡೋರ್ನ ಒಳಗೆ ಬಿಡಬಾರದು ಅಂತ ರೂಲ್ಸ್ ಐತೆ. ಮೊನ್ನೆ ಸೊಪ್ಪಿನವರನ್ನೂ ಬಿಡ್ಲಿಲ್ಲ."

ಪಿಳ್ಳಪ್ಪನಿಗೆ ಬೈಯಲೂ ಶಕ್ತಿ ಉಳಿದಿರಲಿಲ್ಲ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕುಳಿತುಬಿಟ್ಟ. ಹಣೆ ಒತ್ತಿ ಹಾರನ್ ಬಡಿದುಕೊಂಡೇ ಇತ್ತು. ಅದು ಒಳಗಿನ ಕೊನೆಯ ವಿಲ್ಲಾಕ್ಕೂ ಕೇಳಿ, ಸಂಘಮಿತ್ರ ಮೇಡಂ ತಾವೇ ಗೇಟಿಗೆ ಬಂದರು. ಶಟರನ್ನು ನೋಡಿದರು, ಬೋರ್ಡನ್ನು ನೋಡಿದರು, ಶಟರಿನ ಹಿಂದೆ ಇಣುಕಿ ಆಕಾಶವನ್ನು ನೋಡಿದರು. ಫೋನು ತೆಗೆದು ಗಾಡಿಯ ಬಾಗಿಲಿನ ಸ್ಟಿಕ್ಕರಿಗೆ ಹಿಡಿದರು.

"ಶ್ರೀ ಮುನೇಶ್ವರ ಬೋರ್‌ವೆಲ್ ವರ್ಕ್ಸ್," ಎಂದು ಓದಿದರು. "ಸರಿಯಾಗಿದೆ. ಅಡ್ವಾನ್ಸ್ ಹಾಕಿದೀನಿ. ನಾಳೆಯಿಂದ ವರ್ಷಪೂರ್ತಿ ನಿಮ್ಮದೇ. ಬನ್ನಿ, ಕ್ಲಬ್ ಹೌಸ್ ಹಿಂದಿನ ಬೋರು ಬೆಳಿಗ್ಗೆಯಿಂದ ನೀರೆತ್ತುತ್ತಿಲ್ಲ."

"ಬರ್ತೀವಿ ಮೇಡಮ್ಮೋರೇ, ಇವನು ಬಿಡ್ಬೇಕಲ್ಲ."

ಮೇಡಂ ವಾಚ್‌ಮನ್ ಕಡೆ ನೋಡಿದರು. ಅವನು ಗೋಡೆಯ ಮೇಲಿನ ರೂಲ್ಸಿನ ಬೋರ್ಡಿನ ಕಡೆ ಬೆರಳು ತೋರಿಸಿದ. ಕೆಳಗೆ ಮೇಡಂ ಅವರದೇ ಸಹಿಯಿತ್ತು. ಮೇಡಂ ಕೆಮ್ಮಿದರು. "ಅದೊಂದು ಬಿಚ್ಚಿಟ್ಟು ಬಂದ್ಬಿಡಿ ಪಿಳ್ಳಪ್ಪನವರೇ."

"ಬಿಚ್ಚಾಕಿಲ್ಲ," ಎಂದ ಪಿಳ್ಳಪ್ಪ. "ನಾಳೆ ಆ ಆಪು ಇನ್ನೊಂದು ಫೋಟೋ ಕೇಳಿದ್ರೆ?"

"ಕೇಳಿದ್ರೆ ಮತ್ತೆ ಬಿಗೀತೀನಿ, ಇಳಿಯೋ ಕೆಳಗೆ," ಎಂದು ಆಂಜಿನಪ್ಪ ಸ್ಪ್ಯಾನರ್ ಹಿಡಿದು ಹಿಂದಕ್ಕೆ ಹೋದ. ಬೋಲ್ಟು ಸಡಿಲಿಸಿ, ಇಬ್ಬರೂ ಆ ಕಡೆ ಈ ಕಡೆ ಹಿಡಿದು, ಅಂಗಡಿಯನ್ನು ಇಳಿಸಿ ವಾಚ್‌ಮನ್ ಕೋಣೆಯ ಗೋಡೆಗೆ ಒರಗಿಸಿದರು. ಇನ್ನು ಮುಂದೆ ಇಲ್ಲಿಗೆ ಬಂದಾಗಲೆಲ್ಲ ಹೀಗೆ ಬಿಚ್ಚಿ, ಹೋಗುವಾಗ ಕಟ್ಟಬೇಕಲ್ಲ ಎಂಬುದು ಪಿಳ್ಳಪ್ಪನಿಗೆ ಆಗ ಹೊಳೆದು, ಅವನು ಇನ್ನೊಂದು ಸುತ್ತು ಗೊಣಗಲು ಬಾಯಿ ತೆರೆದ. ಆಂಜಿನಪ್ಪ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಅವನ ಫೋನು ಆಗಲೇ ಕಿವಿಯಲ್ಲಿತ್ತು. ಗೋಡೌನಿನ ಮೇಸ್ತ್ರಿ ಆ ತುದಿಯಲ್ಲಿದ್ದ.

"ಇಲ್ಲಾ ಸಾ, ನಾಳೆ ಬರಾಕಾಗಲ್ಲ. ನಾಳಿದ್ದೂ ಆಗಲ್ಲ. ಈ ವರ್ಷ ಬಿಟ್ಬಿಡಿ," ಎಂದು ಆಂಜಿನಪ್ಪ ಗಾಡಿ ಹತ್ತುತ್ತ ಹೇಳುತ್ತಿದ್ದ. "ಯಾಕಾ? ನಾನೂ ಪಿಳ್ಳಪ್ಪನೂ ಅಂಗಡಿ ಇಟ್ಟಿದೀವಿ ಸಾ... ಹೂಂ, ದೊಡ್ಡ ಶಟರ್ರು... ಎಲ್ಲೀ ಅಂದ್ರೆ ಈಗ ಹೆಂಗೆ ಹೇಳ್ಲಿ, ಸದ್ಯಕ್ಕೆ ಗೋಡೆಗೆ ಒರಗಿಸಿದೀವಿ."